ಗೋರಿಯಿಲ್ಲದವರ ನೆನಪಿಗೆ

ನವೆಂಬರ್ 2ರಂದು ಕಥೋಲಿಕ ಕ್ರೈಸ್ತರು ತಮ್ಮಲ್ಲಿ ಸತ್ತವರೆಲ್ಲರನ್ನೂ ನೆನೆಯುತ್ತಾರೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕ್ರೈಸ್ತ ಮನೆಗಳವರು ಆ ದಿನಕ್ಕೆಂದು ಗೋರಿಗಳ ಮೇಲಿನ ಮಳೆಗಾಲದ ಹುಲ್ಲು ಕಿತ್ತು, ಹೂವಿಟ್ಟು, ಮೇಣದ ಬತ್ತಿ ಹಚ್ಚುತ್ತಾರೆ. ಪಾದ್ರಿಗಳು ಪವಿತ್ರಜಲ ಚಿಮುಕಿಸುತ್ತ ಸಾಲಿನಿಂದ ಸಾಲಿಗೆ ಹೋಗುತ್ತಾರೆ. ಮಹಾಲಯದಲ್ಲಿ ಎಳ್ಳುನೀರು ಬಿಟ್ಟು ಇನ್ನೂ ಬಹಳ ದಿನವಾಗಿರದ ನೆರೆಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಾನು ಬರೆಯಬೇಕೆಂದಿರುವುದು ಹುಲ್ಲು ಕೀಳಲು ಗೋರಿಯೇ ಇಲ್ಲದವರ ಬಗ್ಗೆ. ನಂಬಿಕೆಯ ಕಾರಣಕ್ಕೆ ಸೆರೆಯಾಗಿ, ಸೆರೆಯಲ್ಲೋ ಸೆರೆಗೆ ಹೋಗುವ ದಾರಿಯಲ್ಲೋ ಸತ್ತವರ ಬಗ್ಗೆ.

ನಮ್ಮ ಕೆನರಾದಲ್ಲಿ ಅಂಥವರು ಸಾವಿರಾರು ಮಂದಿ. 1784ರಲ್ಲಿ, ಬೂದಿ ಬುಧವಾರದ ಹೊತ್ತಿಗೆ, ಟಿಪ್ಪು ಸುಲ್ತಾನನ ಆಜ್ಞೆಯಂತೆ ಕರಾವಳಿಯ ಕ್ರೈಸ್ತರನ್ನು ಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಲಾಯಿತು. ಶಿರಸಿ ಸೀಮೆಯನ್ನು ಆಳುತ್ತಿದ್ದ ಸೋದೆಯ ಅರಸರು ಟಿಪ್ಪುವಿನ ತಂದೆ ಹೈದರಾಲಿಗೆ ರಾಜ್ಯ ಕಳೆದುಕೊಂಡು ಗೋವೆ ಸೇರಿ ಆಗಲೇ ಇಪ್ಪತ್ತು ವರ್ಷವಾಗಿತ್ತು. ಹೀಗೆ ನಮ್ಮ ಘಟ್ಟದ ಸೀಮೆಯೂ ಟಿಪ್ಪುವಿನ ಮೈಸೂರಿನ ಆಳ್ವಿಕೆಯಲ್ಲಿತ್ತು. ಸೆರೆಯಾದವರ ಲೆಕ್ಕವನ್ನು ಒಬ್ಬರು 30,000 ಎಂದರೆ ಇನ್ನೊಬ್ಬರು 80,000 ಎಂದಿದ್ದಾರೆ. 60,000 ಎಂಬುದು ಹೆಚ್ಚು ಕೇಳಿಬರುವ ಸಂಖ್ಯೆ. ದಾರಿಯಲ್ಲಿ ಜ್ವರ, ಹಸಿವು, ದಣಿವಿಗೆ ಬಿದ್ದವರು ಬಿದ್ದಲ್ಲೇ ಉಳಿದರು. ಇಗರ್ಜಿಗಳು ನೆಲಸಮವಾದವು. ಮೂಡುಬಿದಿರೆಯ ಬಳಿಯ ಹೊಸಬೆಟ್ಟಿನ ಇಗರ್ಜಿ ಉಳಿದದ್ದು ಅಲ್ಲಿಯ ಚೌಟ ಅರಸರ ದಯೆಯಿಂದ ಎಂದು ಹೇಳುತ್ತಾರೆ. 1799ರ ಮೇ 4ರಂದು ಟಿಪ್ಪು ಮಡಿದ ಮೇಲೆ ಊರಿಗೆ ಮರಳಿದವರು ಹೋದವರಲ್ಲಿ ಒಂದು ಸಣ್ಣ ಪಾಲು.

ಇದು ಧರ್ಮಕ್ಕೆ ಕೊಟ್ಟ ಶಿಕ್ಷೆಯೋ, 1783ರಲ್ಲಿ ಮಂಗಳೂರನ್ನು ಹಿಡಿದ ಇಂಗ್ಲಿಷರಿಗೆ ನೆರವಾದರೆಂಬ ಅನುಮಾನಕ್ಕೆ ಕೊಟ್ಟ ಶಿಕ್ಷೆಯೋ ಎಂಬ ವಾದ ಇಂದಿಗೂ ನಡೆದಿದೆ. ಅನುಮಾನಕ್ಕೆ ಕಾರಣ ಇದ್ದಿರಬಹುದು. ಆದರೆ ಹಾಲು ಕುಡಿಯುವ ಕೂಸನ್ನೂ ಕೋಲೂರಿದ ಮುದುಕಿಯನ್ನೂ ಒಂದೇ ಹಗ್ಗದಲ್ಲಿ ಎಳೆದಾಗ, ಅವರನ್ನು ಗುರುತಿಸಿದ್ದು ಮಾಡಿದ ತಪ್ಪಿನಿಂದಲ್ಲ, ಕೊರಳಲ್ಲಿದ್ದ ಶಿಲುಬೆಯಿಂದ ಎಂದೇ ನಾನು ತಿಳಿಯುತ್ತೇನೆ. ಇದನ್ನು ಹೇಳುವಾಗ ಇನ್ನೊಂದನ್ನೂ ಅಷ್ಟೇ ಗಟ್ಟಿಯಾಗಿ ಹೇಳಬೇಕು. ಆ ಸತ್ತವರ ಹೆಸರಿನಲ್ಲಿ ಇಂದು ನಮ್ಮ ಪಕ್ಕದ ಬೀದಿಯ ಮುಸಲ್ಮಾನರ ಮೇಲೆ ಬೊಟ್ಟು ಮಾಡುವವರಿಗೆ ಆ ನೋವಿನ ಮೇಲೆ ಯಾವ ಹಕ್ಕೂ ಇಲ್ಲ.

ಸೆರೆಮನೆ ಕಟ್ಟಿದವರಲ್ಲಿ ಕ್ರೈಸ್ತರೂ ಇದ್ದಾರಲ್ಲ. ಗೋವೆಯ ಇಂಕ್ವಿಸಿಷನ್ 1560ರಿಂದ 1812ರವರೆಗೆ, ನಡುವೆ ಕೆಲವೇ ವರ್ಷ ಬಿಟ್ಟು, ನಂಬಿಕೆಯ ವಿಚಾರಣೆ ನಡೆಸಿತು. ತುಳಸಿಕಟ್ಟೆ, ಮದುವೆಯ ಹಾಡು, ಉಡುವ ಬಟ್ಟೆಯವರೆಗೆ ಕೈ ಚಾಚಿತು. ಇಂದು ನಮ್ಮ ಜಿಲ್ಲೆಯಲ್ಲಿ ಕೊಂಕಣಿ ಮಾತಾಡುವ ಎಷ್ಟೋ ಮನೆತನಗಳು, ಹಿಂದೂಗಳೂ ಕ್ರೈಸ್ತರೂ, ಗೋವೆಯ ಆ ಕಾಲದ ಭಯ, ಬರ, ಯುದ್ಧಗಳಿಂದ ತಪ್ಪಿಸಿಕೊಂಡು ದಕ್ಷಿಣಕ್ಕೆ ಬಂದವರ ಸಂತತಿ. ಯಾವ ಮತವೂ ಕೈದಿಗಳ ಪಟ್ಟಿಯನ್ನು ಮಾತ್ರ ಓದಿ, ಜೈಲರರ ಪಟ್ಟಿಯನ್ನು ಮಡಚಿಡುವಂತಿಲ್ಲ.

ಸಂತ ಜೋಸೆಫ್ ವಾಜ್ ಅವರ ಬದುಕು ನನಗೆ ಮುಖ್ಯವಾಗುವುದು ಇಲ್ಲಿ. 1651ರಲ್ಲಿ ಗೋವೆಯ ಬಾಣಾವಳಿಯಲ್ಲಿ ಹುಟ್ಟಿದ ಈ ಕೊಂಕಣಿ ಪಾದ್ರಿ 1677ರಲ್ಲಿ, ತಾನು ಮರಿಯಮ್ಮನವರ ದಾಸನೆಂದು ಸ್ವಂತ ಕೈಯಿಂದ ದಾಸ್ಯಪತ್ರ ಬರೆದುಕೊಂಡವರು. 1681ರಿಂದ ಕೆಲವು ವರ್ಷ ನಮ್ಮ ಕೆನರಾದಲ್ಲಿ ಕೆಲಸ ಮಾಡಿದರು. ಆಮೇಲೆ ಲಂಕೆಯಲ್ಲಿ ಡಚ್ಚರ ಆಡಳಿತವು ಕಥೋಲಿಕರನ್ನು ಹತ್ತಿಕ್ಕಿ, ಅಲ್ಲಿ ಪಾದ್ರಿಗಳೇ ಇಲ್ಲದಂತಾಗಿದೆ ಎಂದು ಕೇಳಿ, ಕೂಲಿಯವನ ವೇಷದಲ್ಲಿ 1687ರಲ್ಲಿ ಜಾಫ್ನಾಕ್ಕೆ ಇಳಿದರು. 1689ರ ಕ್ರಿಸ್‌ಮಸ್ ರಾತ್ರಿ ಅಲ್ಲಿಯ ಕಥೋಲಿಕರ ಮೇಲೆ ದಾಳಿಯಾಯಿತು. ಹಿಡಿದವರೂ ಕ್ರೈಸ್ತರು, ಸಿಕ್ಕಿಬಿದ್ದವರೂ ಕ್ರೈಸ್ತರು. 1692ರಲ್ಲಿ ಕ್ಯಾಂಡಿಗೆ ಹೋದಾಗ ಬೌದ್ಧ ದೊರೆ ಎರಡನೆಯ ವಿಮಲಧರ್ಮಸೂರ್ಯ ಅವರನ್ನು ಪೋರ್ಚುಗೀಸರ ಬೇಹುಗಾರನೆಂದು ಸೆರೆಯಲ್ಲಿಟ್ಟ.

ಸೆರೆಯಲ್ಲಿ ವಾಜ್ ಮಾಡಿದ್ದೇನು? ಸಿಂಹಳ ಕಲಿತರು. ಅಂಗಳದಲ್ಲಿ ಗುಡಿಸಲೊಂದನ್ನು ಕಟ್ಟಿ ಪೂಜಾಪೀಠ ಮಾಡಿಕೊಂಡರು. ಬಿಡುಗಡೆಯಾದ ಮೇಲೆ, 1697ರಲ್ಲಿ ಕ್ಯಾಂಡಿಗೆ ಸಿಡುಬು ಬಂದು ಬಲ್ಲಿದರೆಲ್ಲ ಊರು ಬಿಟ್ಟಾಗ, ತನ್ನನ್ನು ಸೆರೆಯಲ್ಲಿಟ್ಟ ಅದೇ ಊರಿನಲ್ಲಿ ಉಳಿದು ರೋಗಿಗಳ ಹುಣ್ಣು ತೊಳೆದರು, ಸತ್ತವರನ್ನು ಮಣ್ಣುಮಾಡಿದರು. ಪರಲೋಕವನ್ನು ನಂಬಿದವನು ಈ ಲೋಕದ ಮೇಲೆ ಕೈಚೆಲ್ಲಿ ಕೂರುತ್ತಾನೆ ಎಂದು ದೂರುವವರು ಈ ಒಂದು ಬದುಕನ್ನು ನೋಡಬೇಕು. ಸಾವಿನಾಚೆ ತನಗೊಂದು ಮನೆಯಿದೆ ಎಂದು ಖಚಿತವಾಗಿದ್ದ ಮನುಷ್ಯ, ಸಿಡುಬಿನ ಮನೆಯೊಳಕ್ಕೆ ಹೆದರದೆ ಕಾಲಿಟ್ಟ. 1711ರ ಜನವರಿ 16ರಂದು ಕ್ಯಾಂಡಿಯಲ್ಲೇ ತೀರಿಕೊಂಡರು. 2015ರಲ್ಲಿ ಪೋಪ್ ಫ್ರಾನ್ಸಿಸ್ ಕೊಲಂಬೋದಲ್ಲಿ ಅವರನ್ನು ಸಂತರೆಂದು ಸಾರಿದರು. ಅವರ ಸಮಾಧಿಯ ಜಾಗ ಮಾತ್ರ ಗುರುತಿಗೆ ಸಿಗದೆ ಹೋಗಿದೆ.

ಇಂಗ್ಲೆಂಡಿನ ಜಾನ್ ಬನಿಯನ್‌ನನ್ನೂ ಇಲ್ಲಿ ನೆನೆಯಬೇಕು. ಅಪ್ಪಣೆಯಿಲ್ಲದೆ ಉಪದೇಶ ಮಾಡಿದ್ದಕ್ಕೆ 1660ರಿಂದ ಹನ್ನೆರಡು ವರ್ಷ ಜೈಲು ಕಂಡವನು ಅವನು. ನಾಶಪುರದಿಂದ ಸ್ವರ್ಗಪುರಕ್ಕೆ ನಡೆಯುವ ಯಾತ್ರಿಕನ ಅವನ ಕಥೆ 19ನೇ ಶತಮಾನದಲ್ಲೇ ಬಾಸೆಲ್ ಮಿಷನ್ನಿನವರ ಮೂಲಕ ‘ಯಾತ್ರಿಕನ ಸಂಚಾರ’ವಾಗಿ ಕನ್ನಡಕ್ಕೆ ಬಂತು. ಕನ್ನಡದ ಆರಂಭದ ಅನುವಾದಿತ ಕಥನಗಳಲ್ಲಿ ಒಂದರ ಬೇರು ಜೈಲಿನಲ್ಲಿದೆ.

ಆದರೆ ಸೆರೆ ಮತ್ತು ಪರಲೋಕ ಎರಡನ್ನೂ ಒಟ್ಟಿಗೆ ಹಿಡಿದ ಬರಹಗಳಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವುದು ಪೆರ್ಪೆತುವಾ ಎಂಬ ಹೆಂಗಸಿನ ದಿನಚರಿ. ಉತ್ತರ ಆಫ್ರಿಕದ ಕಾರ್ಥೇಜ್, ಕ್ರಿ.ಶ. 203. ಇಪ್ಪತ್ತೆರಡರ ಹರೆಯ, ಎದೆಹಾಲು ಕುಡಿಯುವ ಮಗು. ಕ್ರೈಸ್ತಳೆಂಬುದನ್ನು ಅಲ್ಲಗಳೆಯೆಂದು ತಂದೆ ಕಾಲು ಹಿಡಿದರೂ ಒಪ್ಪದೆ, ಕಾಡುಪ್ರಾಣಿಗಳ ಬಾಯಿಗೆ ಹೋಗುವ ದಿನ ಕಾಯುತ್ತಿದ್ದಳು. ಆಗ ಅವಳಿಗೆ ಕನಸು ಬೀಳುತ್ತದೆ. ಏಳನೆಯ ವಯಸ್ಸಿನಲ್ಲಿ ಮುಖದ ಹುಣ್ಣಿನಿಂದ ಸತ್ತ ತಮ್ಮ ದಿನೊಕ್ರಾತೆಸ್ ಕತ್ತಲೆಯ ಜಾಗದಲ್ಲಿ, ಬಾಯಾರಿ ನಿಂತಿದ್ದಾನೆ. ಎದುರಿಗೆ ನೀರು ತುಂಬಿದ ತೊಟ್ಟಿ. ಅದರ ಅಂಚು ಹುಡುಗನಿಗೆ ಎಟುಕದಷ್ಟು ಎತ್ತರ. ಅವಳು ತನ್ನ ಬಿಡುಗಡೆಗೆ ಬೇಡದೆ, ಹಗಲಿರುಳು ಅವನಿಗಾಗಿ ಬೇಡುತ್ತಾಳೆ. ಕೆಲವು ದಿನಗಳಲ್ಲಿ ಮತ್ತೆ ಕನಸು. ತೊಟ್ಟಿಯ ಅಂಚು ತಗ್ಗಿದೆ, ಹುಣ್ಣಿದ್ದಲ್ಲಿ ಬರೀ ಕಲೆ, ಹುಡುಗ ಹೊಟ್ಟೆತುಂಬ ನೀರು ಕುಡಿದು ಆಡಲು ಓಡುತ್ತಾನೆ.

ಸತ್ತವರಿಗೆ ಬಾಯಾರಿಕೆ ಇರುತ್ತದೆ, ಬದುಕಿರುವವರು ಅವರಿಗೆ ನೀರು ಮುಟ್ಟಿಸಬಲ್ಲರು ಎಂಬ ನಂಬಿಕೆ ಅವಳದು. ತರ್ಪಣ ಬಿಡುವ ಹವ್ಯಕರ ಅಂಗಳದಲ್ಲೂ, ಹಿರಿಯರಿಗೆ ಎಡೆಯಿಡುವ ಯಲ್ಲಾಪುರದ ಸಿದ್ದಿಗಳ ಮನೆಯಲ್ಲೂ ಈ ಕನಸು ಪರಕೀಯವೆನಿಸದು. ಶಾಸ್ತ್ರಗಳು ಬೇರೆ, ಹೋಗಿ ಸೇರುವ ಲೋಕಗಳ ಹೆಸರು ಬೇರೆ. ಕರ್ಮ, ಪುನರ್ಜನ್ಮಗಳ ಮಾತನ್ನು ಕ್ರೈಸ್ತರು ಒಪ್ಪುವುದಿಲ್ಲ, ಒಮ್ಮೆ ಸತ್ತು ಒಮ್ಮೆ ಏಳುವುದನ್ನು ನಂಬುತ್ತಾರೆ. ಆ ವ್ಯತ್ಯಾಸವನ್ನು ಸವರಿ ಅಳಿಸಬೇಕೆಂದು ನಾನು ಹೇಳುತ್ತಿಲ್ಲ. ನಾಳೆ ಸಾಯಲಿರುವವಳು ಎಂದೋ ಸತ್ತ ಮಗುವಿನ ಬಾಯಾರಿಕೆಗೆ ಮರುಗಿದಳು ಎಂಬುದನ್ನು ಮಾತ್ರ ಎಲ್ಲರೂ ಓದಬೇಕೆಂದು ಆಸೆ.

ಜೈಲಿನ ನೆನಪನ್ನು ಕಾಪಿಟ್ಟುಕೊಳ್ಳುವುದು ನಮ್ಮ ಸೀಮೆಗೆ ಗೊತ್ತಿದೆ. ಸ್ವಾತಂತ್ರ್ಯ ಹೋರಾಟದ ಕಾಲದ ಸಿದ್ದಾಪುರದ ಕರನಿರಾಕರಣೆಯಲ್ಲಿ ಮನೆಮಾರು ಕಳೆದುಕೊಂಡು ಜೈಲಿಗೆ ಹೋದವರ ಹೆಸರುಗಳನ್ನು ಮೊಮ್ಮಕ್ಕಳು ಇಂದಿಗೂ ಹೇಳುತ್ತಾರೆ. ಮಾವಿನಗುಂಡಿಯಲ್ಲಿ ಸತ್ಯಾಗ್ರಹಿ ಹೆಂಗಸರ ಸ್ಮಾರಕವೂ ಇದೆ. ಶ್ರೀರಂಗಪಟ್ಟಣದ ದಾರಿಯಲ್ಲಿ ಬಿದ್ದವರಿಗೆ ಈ ಭಾಗ್ಯ ಬರಲಿಲ್ಲ. ಕೊಂಕಣಿಯಲ್ಲಿ ವಿ.ಜೆ.ಪಿ. ಸಲ್ಡಾನ್ಹಾ ಅವರು ಆ ಸೆರೆಯ ಕಾಲವನ್ನು ಕಾದಂಬರಿಗಳಲ್ಲಿ ತಂದರು. ನಮ್ಮ ಕನ್ನಡದಲ್ಲಿ ಆಗಬೇಕಾದದ್ದು ಬಹಳ ಉಳಿದಿದೆ.

ಅದಕ್ಕೇ ಓದುಗರಲ್ಲಿ ಒಂದು ಕೋರಿಕೆ. ಶಿರಸಿ, ಸಿದ್ದಾಪುರ, ಯಲ್ಲಾಪುರ, ಹಳಿಯಾಳ, ಹೊನ್ನಾವರದ ಕಡೆಯ ಕ್ರೈಸ್ತ ಮನೆಗಳಲ್ಲಿ ಆ ಬಂಧನದ ಬಗ್ಗೆ ಅಜ್ಜಿಯರು ಹೇಳುತ್ತಿದ್ದ ಮಾತು, ಹಾಡಿನ ತುಣುಕು, ಬಚ್ಚಿಟ್ಟು ಉಳಿಸಿದ ಶಿಲುಬೆಯ ಕಥೆ ಏನಿದ್ದರೂ ಬರೆದು ಕಳಿಸಿ. ಆಗ ಕ್ರೈಸ್ತರನ್ನು ಅಡಗಿಸಿಟ್ಟು ಕಾಪಾಡಿದ ಹಿಂದೂ, ಜೈನ, ಮುಸಲ್ಮಾನ ಮನೆಗಳ ಕಥೆಯಿದ್ದರೆ ಅದನ್ನೂ ಬರೆಯಿರಿ. ಕೊಂಕಣಿಯಲ್ಲಿದ್ದರೂ ಸರಿ, ಕನ್ನಡಕ್ಕೆ ತರುವ ಹೊಣೆ ನಮ್ಮದು.