ಹೆಗಲ ಮೇಲಿನ ಹೊಗೆ ಇಳಿಸೋಣ

ಮಳೆ ಬಿದ್ದು ಎಂಟು ದಿನ ಆದ್ರ ಸಾಕು, ನಮ್ಮ ಮರೋಳ ಸುತ್ತಲಿನ ತೋಟಗಳಲ್ಲಿ ಪೆಟ್ರೋಲ್ ಬ್ರಷ್ ಕಟರ್ ಸದ್ದು ಶುರುವಾಗುತ್ತದೆ. ನಾನೂ ನಾಲ್ಕು ವರ್ಷ ಅದನ್ನೇ ಹೆಗಲಿಗೆ ಹಾಕಿಕೊಂಡವನು. ದಾಳಿಂಬೆ ಸಾಲಿನ ನಡುವೆ ಎರಡು ತಾಸು ಹುಲ್ಲು ಹೊಡೆದರೆ ತಲೆ ಭಾರ, ಅಂಗಿಗೆಲ್ಲ ಪೆಟ್ರೋಲ್ ವಾಸನೆ. ಹಣ್ಣು ಕೊಳ್ಳೋರಿಗೆ ಮಾತ್ರ ‘ನಮ್ಮ ತೋಟದಾಗ ವಿಷ ಇಲ್ರಿ’ ಅಂತಿದ್ದೆ. ಒಂದು ದಿನ ಕೂಲಿಗೆ ಬಂದ ಹುಡುಗ ಮಷೀನ್ ಇಳಿಸಿ, ‘ಅಣ್ಣಾ, ವಾಂತಿ ಬಂದಂಗ ಆಗಾಕತ್ತೈತಿ’ ಅಂತ ಬದುವಿನ ಮೇಲೆ ಕುಂತ. ಆವತ್ತು ನನಗೆ ನಾಚಿಕೆಯಾಯಿತು.

ಈ ಮಷೀನ್‌ಗಳಲ್ಲಿ ಬಹಳಷ್ಟು ಟೂ ಸ್ಟ್ರೋಕ್. ಪೆಟ್ರೋಲಿಗೇ ಆಯಿಲ್ ಬೆರೆಸಿ ಹಾಕಬೇಕು. ಎಂಜಿನ್ ಒಳಗೆ ಹೊಸ ಇಂಧನ ಬರುವಾಗಲೇ ಹಳೆ ಹೊಗೆ ಹೊರಗೆ ಹೋಗುತ್ತದೆ. ಅದರ ಜೊತೆ ಒಂದಷ್ಟು ಪೆಟ್ರೋಲ್ ಸುಡದೇ ಹಾರಿಹೋಗುತ್ತದೆ. ನಮ್ಮ ರೊಕ್ಕವೂ ಹೋಯಿತು, ಉಸಿರೂ ಕೆಟ್ಟಿತು.

ಅಮೆರಿಕದ ಕ್ಯಾಲಿಫೋರ್ನಿಯಾದ ವಾಯು ಮಂಡಳಿ ಒಂದು ಲೆಕ್ಕ ಕೊಟ್ಟಿದೆ. ಕಸದೆಲೆ ಊದುವ ಪೆಟ್ರೋಲ್ ಯಂತ್ರ 1 ತಾಸು ನಡೆದರೆ, ಒಂದು ಕಾರು ಸುಮಾರು 1,770 ಕಿ.ಮೀ. ಓಡಿದಷ್ಟು ಹೊಗೆಮಂಜಿನ ಅನಿಲ ಬಿಡುತ್ತದೆ. 2021ರಲ್ಲಿ ಅಲ್ಲಿ ಕಾನೂನೇ ಬಂತು. 2024ರ ಮಾದರಿಯಿಂದ ಇಂಥ ಹೆಚ್ಚಿನ ಹೊಸ ಯಂತ್ರಗಳು ಹೊಗೆ ಬಿಡುವಂತಿಲ್ಲ.

ನಮಗೆ ಕಾನೂನಿನ ತನಕ ಕಾಯುವ ಅಗತ್ಯ ಇಲ್ಲ. ಬ್ಯಾಟರಿ ಸ್ಪ್ರೇಯರ್ ನೆನಪು ಮಾಡಿಕೊಳ್ಳಿ. ಯಾರೂ ಆದೇಶ ಮಾಡಲಿಲ್ಲ, ಹಗುರ ಅಂತ ನಾವೇ ಒಪ್ಪಿಕೊಂಡೆವು. ಈಗ ಹುಲ್ಲು ಹೊಡೆಯುವ ಮಷೀನ್ ಸರದಿ.

‘ಕರೆಂಟ್ ಕೂಡಗಿಯ ಕಲ್ಲಿದ್ದಲಿನಿಂದಲೇ ಬರತೈತಲ್ಲ?’ ಅಂತ ಗೆಳೆಯರು ಕೇಳ್ತಾರೆ. ಖರೆ. ಆದರೆ ಆ ಹೊಗೆ ಸೋಸುವ ಸಾಧನ ದಾಟಿ ಎತ್ತರದ ಚಿಮಣಿಯಿಂದ ಹೋಗುತ್ತದೆ. ನಮ್ಮ ಮಷೀನಿನದು ನೇರ ಮೂಗಿಗೆ. ಮುಂದೆ ಮನೆ ಮೇಲೆ ಸೋಲಾರ್ ಹಾಕಿದರೆ ಆ ಮಾತೂ ಮುಗೀತು.

ಕಷ್ಟ ಮುಚ್ಚಿಡೋದಿಲ್ಲ. ನನ್ನ ಬ್ಯಾಟರಿ ಒಂದು ಚಾರ್ಜಿಗೆ 40 ನಿಮಿಷ ನಡೆದರೆ ಹೆಚ್ಚು. ಬಲಿತ ಕಸಕ್ಕೆ ಸೋಲುತ್ತದೆ. ಅದಕ್ಕೆ ಹುಲ್ಲು ಮೊಣಕಾಲು ಮುಟ್ಟುವ ಮೊದಲೇ, ಬೀಜ ಕಟ್ಟುವ ಮೊದಲೇ ಹೊಡೆಯಿರಿ. ಕತ್ತರಿಸಿದ್ದನ್ನು ಗಿಡದ ಸುತ್ತ ಹೊದಿಕೆ ಮಾಡಿ, ಮುಂದಿನ ಕಸ ತಾನೇ ಕಡಿಮೆ ಆಗುತ್ತದೆ. ಎರಡು ಬ್ಯಾಟರಿ ಇಟ್ಟುಕೊಂಡು ರಾತ್ರಿ ಮನೆಯಲ್ಲೇ ಚಾರ್ಜ್ ಮಾಡಿ. ಒಬ್ಬರಿಗೆ ಭಾರ ಆದರೆ ಮೂರು ಮಂದಿ ಕೂಡಿ ಕೊಳ್ಳಿ. ಬಾಡಿಗೆಗೆ ಯಂತ್ರ ಕೊಡುವ ಕೃಷಿ ಯಂತ್ರಧಾರೆ ಕೇಂದ್ರಗಳೂ ಇವನ್ನು ಇಡಬೇಕು. ನಾವು ಕೇಳಿದರೇ ಇಟ್ಟಾರು.

ಸುಮಾರು 24 ಸಾವಿರ ಹೆಕ್ಟೇರಿಗೆ ರೂಪಿಸಿದ ರಾಮಥಾಳ ಹನಿ ನೀರಾವರಿ ಯೋಜನೆಯಲ್ಲಿ ನಮ್ಮ ಮರೋಳದ ಹೆಸರೂ ಇದೆ. ಹನಿ ನೀರು ಲೆಕ್ಕ ಹಾಕುವ ನಾವು, ನಮ್ಮ ಹೊಲದಾಗ ದುಡಿಯುವವನ ಉಸಿರನ್ನೂ ಲೆಕ್ಕಕ್ಕೆ ಹಿಡಿಯೋಣ.