ಹಾಕಿ: ಹದಿನಾರರ ಆಚೆ ಯಾರಿದ್ದಾರೆ?

ಬೆಂಗಳೂರು: 2024ರ ಪ್ಯಾರಿಸ್ ಒಲಿಂಪಿಕ್ಸ್‌ನ ಕ್ವಾರ್ಟರ್ ಫೈನಲ್‌ನಲ್ಲಿ ಅಮಿತ್ ರೋಹಿದಾಸ್ 17ನೇ ನಿಮಿಷದಲ್ಲಿಯೇ ಕೆಂಪು ಕಾರ್ಡ್ ಪಡೆದು ಹೊರನಡೆದರು. ಉಳಿದ ಅವಧಿಯನ್ನು ಹತ್ತೇ ಮಂದಿಯೊಂದಿಗೆ ಆಡಿದ ಭಾರತ, ಬ್ರಿಟನ್ ತಂಡವನ್ನು ಶೂಟೌಟ್‌ನಲ್ಲಿ ಮಣಿಸಿತು. ಆ ಸಂಭ್ರಮದಲ್ಲಿ ಮರೆಗೆ ಸರಿದ ಸಂಗತಿಯೆಂದರೆ, ಸೆಮಿಫೈನಲ್‌ಗೆ ತಂಡ 15 ಆಟಗಾರರೊಂದಿಗೆ ಮಾತ್ರ ಇಳಿಯಬೇಕಾಯಿತು. ಎದುರಾಳಿಯ ಪೆನಾಲ್ಟಿ ಕಾರ್ನರ್‌ಗೆ ಮೊದಲು ಮುನ್ನುಗ್ಗಿ ಅಡ್ಡ ನಿಲ್ಲುತ್ತಿದ್ದವರು ರೋಹಿದಾಸ್. ಅವರಿಲ್ಲದ ಪಂದ್ಯದಲ್ಲಿ ಜರ್ಮನಿಯ ಮೊದಲ ಗೋಲು ಬಂದದ್ದು ಪೆನಾಲ್ಟಿ ಕಾರ್ನರ್‌ನಿಂದಲೇ. ಭಾರತ 2–3ರಿಂದ ಸೋತಿತು.

ಇದು ಮೊದಲ ಎಚ್ಚರಿಕೆಯೇನೂ ಅಲ್ಲ. 2023ರ ವಿಶ್ವಕಪ್‌ನಲ್ಲಿ ಹಾರ್ದಿಕ್ ಸಿಂಗ್ ಗಾಯಗೊಂಡು ಹೊರಬಿದ್ದ ಮೇಲೆ ಮಧ್ಯಮ ಪಂಕ್ತಿ ಸೊರಗಿತು. ತವರಿನಲ್ಲಿಯೇ ತಂಡ ಎಂಟರ ಘಟ್ಟ ತಲುಪಲಿಲ್ಲ. ಪ್ಯಾರಿಸ್‌ನಲ್ಲಿ ಭಾರತ ಗಳಿಸಿದ 15 ಗೋಲುಗಳ ಪೈಕಿ 10 ನಾಯಕ ಹರ್ಮನ್‌ಪ್ರೀತ್ ಸಿಂಗ್ ಒಬ್ಬರದೇ. ಇದು ಅವರ ಹಿರಿಮೆಯೂ ಹೌದು, ತಂಡದ ದೌರ್ಬಲ್ಯವೂ ಹೌದು.

15 ನಿಮಿಷಗಳ ನಾಲ್ಕು ಅವಧಿಗಳ ಇಂದಿನ ಆಟದಲ್ಲಿ ಬದಲಿ ಆಟಗಾರರಿಗೆ ಮಿತಿಯಿಲ್ಲ. ಮುಂಪಡೆಯವರು ಕೆಲವೇ ನಿಮಿಷಗಳಿಗೊಮ್ಮೆ ಬದಲಾಗುತ್ತಾರೆ. ಹೀಗಾಗಿ ಬೆಂಚಿನ ಮೇಲಿರುವವನು ಮೈದಾನದಲ್ಲಿರುವವನಷ್ಟೇ ಸಮರ್ಥನಾಗಿರಬೇಕು.

ಗೋಲ್‌ಕೀಪಿಂಗ್‌ನಲ್ಲಿ ಈ ಸಿದ್ಧತೆ ಫಲ ನೀಡಿದೆ. ಪಿ.ಆರ್. ಶ್ರೀಜೇಶ್ ಜತೆ ವರ್ಷಗಟ್ಟಲೆ ಪಳಗಿದ ಕೃಷ್ಣ ಬಹಾದ್ದೂರ್ ಪಾಠಕ್, ಅವರ ನಿವೃತ್ತಿಯ ನಂತರ ಹೊಣೆ ಹೊತ್ತರು. 2025ರಲ್ಲಿ ಭಾರತ ಏಷ್ಯಾ ಕಪ್ ಗೆದ್ದಿತು. ಡ್ರ್ಯಾಗ್‌ಫ್ಲಿಕ್‌ಗೂ ಇಂಥದೇ ಉತ್ತರಾಧಿಕಾರದ ಯೋಜನೆ ಬೇಕು.

2017ರ ನಂತರ ಸ್ಥಗಿತಗೊಂಡಿದ್ದ ಹಾಕಿ ಇಂಡಿಯಾ ಲೀಗ್ 2024ರ ಡಿಸೆಂಬರ್‌ನಲ್ಲಿ ಮರಳಿದಾಗ, 24 ಮಂದಿಯ ಪ್ರತಿ ತಂಡದಲ್ಲಿಯೂ ಕನಿಷ್ಠ ನಾಲ್ವರು ಭಾರತೀಯ ಕಿರಿಯರು ಇರಬೇಕೆಂಬ ನಿಯಮ ಬಂತು. ಒಳ್ಳೆಯ ಹೆಜ್ಜೆಯೇ. ಆದರೆ ತಂಡದ ಪಟ್ಟಿಯಲ್ಲಿ ಹೆಸರಿದ್ದರೆ ಸಾಲದು, ಆಡುವ ನಿಮಿಷಗಳು ಸಿಗಬೇಕು.

ಕರ್ನಾಟಕಕ್ಕೂ ಇಲ್ಲಿ ಪಾಠವಿದೆ. 2016ರ ರಿಯೊ ಒಲಿಂಪಿಕ್ಸ್ ತಂಡದಲ್ಲಿ ರಘುನಾಥ್, ಸುನಿಲ್, ಉತ್ತಪ್ಪ, ನಿಕಿನ್ ತಿಮ್ಮಯ್ಯ ಹೀಗೆ ಕೊಡಗಿನ ನಾಲ್ವರಿದ್ದರು. ಟೋಕಿಯೊ ಮತ್ತು ಪ್ಯಾರಿಸ್‌ನ ಪುರುಷರ ತಂಡಗಳಲ್ಲಿ ರಾಜ್ಯದ ಒಬ್ಬರೂ ಇರಲಿಲ್ಲ. ಪ್ರತಿಭೆಗೆ ಬರವಿಲ್ಲದ ನೆಲದಲ್ಲಿಯೂ ಒಂದು ಪೀಳಿಗೆಯ ಹಿಂದೆ ಮತ್ತೊಂದನ್ನು ನಿಲ್ಲಿಸದಿದ್ದರೆ ಸಾಲು ತುಂಡಾಗುತ್ತದೆ.

2026ರ ವೇಳಾಪಟ್ಟಿಯಲ್ಲಿ ಆಗಸ್ಟ್‌ನ ವಿಶ್ವಕಪ್‌ಗೂ ಸೆಪ್ಟೆಂಬರ್‌ನ ಏಷ್ಯನ್ ಕ್ರೀಡಾಕೂಟಕ್ಕೂ ನಡುವೆ ಇಟ್ಟಿರುವ ಅಂತರ ಕೆಲವೇ ವಾರ. ಏಷ್ಯನ್ ಕೂಟದ ಚಿನ್ನಕ್ಕೆ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನ ನೇರ ಅರ್ಹತೆ ಬೆಸೆದುಕೊಂಡಿದೆ. ಇಂಥ ಒತ್ತಡವನ್ನು ಹನ್ನೊಂದು ಮಂದಿಯ ಕಾಲುಗಳ ಮೇಲಷ್ಟೇ ಹೇರಲಾಗದು.