ಕೊಡುವ ಕೈಗೂ ಒಂದು ಲೆಕ್ಕ ಬೇಡವೇ?

ಜೂನ್ ತಿಂಗಳು ಬಂತೆಂದರೆ ನಮ್ಮ ಸಂಘ-ಸಂಸ್ಥೆಗಳಿಗೆ ಬಿಡುವೇ ಇಲ್ಲ. ವರ್ತಕ ನಗರ, ಲೋಕಮಾನ್ಯ ನಗರ, ವಾಗ್ಲೆ ಎಸ್ಟೇಟ್ ಪರಿಸರದಿಂದ ಹಿಡಿದು ಡೊಂಬಿವಲಿ, ಕಲ್ಯಾಣ್, ನವಿಮುಂಬಯಿಯವರೆಗೆ ಪುಸ್ತಕ ವಿತರಣೆ, ವಿದ್ಯಾರ್ಥಿ ವೇತನ, ವಿಧವೆಯರಿಗೆ ಹಾಗೂ ಅಶಕ್ತರಿಗೆ ಸಹಾಯಧನ ಎಂದು ಒಂದರ ಹಿಂದೊಂದು ಕಾರ್ಯಕ್ರಮಗಳು. ದಾನಿಗಳಿಗೆ ನಮ್ಮಲ್ಲಿ ಕೊರತೆಯಿಲ್ಲ. ಆದರೆ ಯಾರಿಗೆ ಕೊಡಬೇಕು, ಎಷ್ಟು ಕೊಡಬೇಕು, ಎಲ್ಲಿಯವರೆಗೆ ಕೊಡಬೇಕು ಎಂಬ ಪ್ರಶ್ನೆಯನ್ನು ಸಭೆಯಲ್ಲಿ ಎತ್ತುವವರು ಕಡಿಮೆ. ಎತ್ತಿದರೆ ಕಲ್ಲೆದೆಯವನೆಂದು ಜನ ತಿಳಿದುಕೊಳ್ಳುತ್ತಾರೆಂಬ ಅಳುಕು. ನನ್ನ ಮಟ್ಟಿಗೆ ಹೇಳುವುದಾದರೆ ಈ ಲೆಕ್ಕ ದಯೆಗೆ ವಿರೋಧಿಯಲ್ಲ. ಲೆಕ್ಕವಿಲ್ಲದ ದಯೆಯೇ ಒಂದಲ್ಲ ಒಂದು ದಿನ ಯಾರಿಗೋ ಅನ್ಯಾಯ ಮಾಡುತ್ತದೆ.

ನಮ್ಮ ಹಿರಿಯರ ಕ್ರಮವನ್ನು ನೆನೆಯೋಣ. ಮೊಗವೀರ ವ್ಯವಸ್ಥಾಪಕ ಮಂಡಳಿ ಹುಟ್ಟಿದ್ದು 1902ರಲ್ಲಿ, ಬಂಟರ ಸಂಘ 1927ರಲ್ಲಿ, ಬಿಲ್ಲವರ ಅಸೋಸಿಯೇಶನ್ 1932ರಲ್ಲಿ. ಹೋಟೆಲ್, ಕ್ಯಾಂಟೀನುಗಳಲ್ಲಿ ಹಗಲಿಡೀ ದುಡಿಯುವ ಊರಿನ ಹುಡುಗರಿಗಾಗಿ ಮುಂಬಯಿಯಲ್ಲಿ ಕನ್ನಡ ರಾತ್ರಿ ಶಾಲೆಗಳು ತೆರೆದವು. ಅಲ್ಲಿ ಹುಡುಗನ ಕೈಗೆ ಯಾರೂ ದುಡ್ಡು ಕೊಡಲಿಲ್ಲ. ದುಡಿಮೆ ಅವನದು, ಪಾಠ ಸಂಸ್ಥೆಯದು. ಮೆಟ್ರಿಕ್ ಪಾಸಾದ ಮೇಲೆ ಅವನ ದಾರಿ ಅವನಿಗೆ. 1928ರಲ್ಲಿ ಉಡುಪಿಯ ಸಿಂಡಿಕೇಟ್ ಬ್ಯಾಂಕಿನವರು ಪಿಗ್ಮಿ ಠೇವಣಿ ಆರಂಭಿಸಿದಾಗಲೂ ಬಡವನಿಗೆ ಹಣ ಹಂಚಲಿಲ್ಲ, ದಿನಕ್ಕೆ ಎರಡಾಣೆಯಷ್ಟು ಅವನದೇ ದುಡ್ಡನ್ನು ಅವನ ಮನೆ ಬಾಗಿಲಿಗೇ ಬಂದು ಉಳಿಸಿಕೊಟ್ಟರು. ಸಹಾಯಕ್ಕೆ ಒಂದು ಆರಂಭ, ಒಂದು ಕೊನೆ, ಎರಡೂ ಅಲ್ಲಿದ್ದವು.

ಇಂದಿನ ಪರಿಸ್ಥಿತಿ ಬೇರೆ. ಪೋಖರಣ್ ರಸ್ತೆಯಲ್ಲಿ ಒಂದು ಕಾಲಕ್ಕೆ ಸಾವಿರಾರು ಕುಟುಂಬಗಳಿಗೆ ಅನ್ನ ಕೊಟ್ಟಿದ್ದ ರೇಮಂಡ್ ಮಿಲ್ಲಿನ ಜಾಗದಲ್ಲಿ ಇಂದು ಗಗನಚುಂಬಿ ಕಟ್ಟಡಗಳಿವೆ. ವಾಗ್ಲೆ ಎಸ್ಟೇಟಿನ ಹಲವು ಕಾರ್ಖಾನೆಗಳಿದ್ದ ಕಡೆ ಈಗ ಐಟಿ ಕಚೇರಿಗಳು. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದಾಗ ಹೋಟೆಲ್ ಕಾರ್ಮಿಕರು, ಕ್ಯಾಟರಿಂಗ್ ಹುಡುಗರು, ಬೆಳಿಗ್ಗೆ ನಾಕಾದಲ್ಲಿ ಕೂಲಿಗೆ ನಿಲ್ಲುವ ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯ ನಮ್ಮವರು ಒಂದೇ ವಾರದಲ್ಲಿ ಬರಿಗೈಯಾದರು. ಸಂಘಗಳು ಅಕ್ಕಿ, ಬೇಳೆ, ಎಣ್ಣೆಯ ಕಿಟ್ ಹಂಚಿದವು. ಅದು ಹಸಿವಿನ ಹೊತ್ತು, ಅಲ್ಲಿ ಅರ್ಜಿ, ವಿಚಾರಣೆ ಎಂದು ಕೂರುವಂತಿರಲಿಲ್ಲ. ಆದರೆ ಆ ತುರ್ತಿನ ರೂಢಿಯೇ ಅನೇಕ ಕಡೆ ಮುಂದುವರಿಯಿತು. ವಾಟ್ಸಪ್‌ನಲ್ಲಿ ಒಂದು ಮನವಿ, ಕೆಳಗೊಂದು ಖಾತೆ ಸಂಖ್ಯೆ, ಸಂಜೆಯೊಳಗೆ ಹಣ ಜಮೆ. ಬಿಲ್ ಯಾರು ನೋಡಿದರು, ಹಣ ಎಲ್ಲಿಗೆ ಹೋಯಿತು ಎಂದು ಆಮೇಲೆ ಕೇಳುವವರಿಲ್ಲ.

ಒಂದು ಉದಾಹರಣೆಯ ಲೆಕ್ಕ ಹಾಕೋಣ. ಒಂದು ಸಂಘದ ವರ್ಷದ ಸಹಾಯ ನಿಧಿ 3 ಲಕ್ಷ ರೂಪಾಯಿ ಎಂದಿಟ್ಟುಕೊಳ್ಳಿ. ತಲಾ 5,000ದಂತೆ 60 ಮಕ್ಕಳಿಗೆ ಅದು ಸಾಕು. ಏಪ್ರಿಲ್‌ನಲ್ಲಿ ಒಬ್ಬರ ಆಸ್ಪತ್ರೆ ಬಿಲ್ಲಿಗೆ ಕನಿಕರದಿಂದ 2 ಲಕ್ಷ ಕೊಟ್ಟರೆ ಜೂನ್‌ನಲ್ಲಿ ಉಳಿಯುವುದು 20 ಮಕ್ಕಳ ಪಾಲು ಮಾತ್ರ. ಉಳಿದ 40 ಮಕ್ಕಳ ತಾಯಂದಿರು ನಮ್ಮೆದುರು ಬಂದು ಅಳುವುದಿಲ್ಲ. ಅವರಿಗೆ ಪದಾಧಿಕಾರಿಗಳ ಪರಿಚಯವಿಲ್ಲ, ಮೊಬೈಲ್ ನಂಬರೂ ಗೊತ್ತಿಲ್ಲ. ಕೇಳಲು ಬಲ್ಲವರಿಗೆ ಮೂರು ಸಂಘಗಳಿಂದ ಸಹಾಯ, ಕೇಳಲು ಸಂಕೋಚಪಡುವವರಿಗೆ ಒಂದರಿಂದಲೂ ಇಲ್ಲ. ಮಿತಿಯಿಲ್ಲದ ದಾನದಿಂದ ಆಗುವ ನಿಜವಾದ ನಷ್ಟ ಇದು.

ಹಾಗಾದರೆ ಏನು ಮಾಡಬಹುದು?

ಮೊದಲನೆಯದಾಗಿ, ನಿಯಮವನ್ನು ಅರ್ಜಿ ಬರುವ ಮೊದಲೇ ಬರೆದಿಡಬೇಕು. ಅರ್ಜಿದಾರ ಎದುರು ಕುಳಿತ ಮೇಲೆ ಮಾಡುವ ನಿಯಮ ಮುಖ ನೋಡಿ ಮಾಡಿದ್ದಾಗುತ್ತದೆ. ವಿದ್ಯೆಗೆ ಇಷ್ಟು, ಔಷಧಕ್ಕೆ ಇಷ್ಟು, ಮನೆ ಸಾಮಾನಿಗಾದರೆ ಮೂರು ತಿಂಗಳು ಎಂದು ಮೊದಲ ದಿನವೇ ಪತ್ರದಲ್ಲಿ ಬರೆದುಕೊಡಬೇಕು. ಸಹಾಯ ಎಂದು ನಿಲ್ಲುತ್ತದೆ ಎಂಬುದು ತಿಳಿದಿದ್ದರೆ ಕುಟುಂಬವೂ ಮುಂದಿನ ದಾರಿ ನೋಡಿಕೊಳ್ಳುತ್ತದೆ. ಇದ್ದಕ್ಕಿದ್ದಂತೆ ಕೈಬಿಡುವುದಕ್ಕಿಂತ ಇದು ಎಷ್ಟೋ ಮೇಲು.

ಎರಡನೆಯದಾಗಿ, ಹಣ ಅಗತ್ಯ ಇರುವಲ್ಲಿಗೇ ಹೋಗಲಿ. ಶುಲ್ಕ ಶಾಲೆಯ ಹೆಸರಿಗೆ, ಬಿಲ್ ಆಸ್ಪತ್ರೆಯ ಹೆಸರಿಗೆ. ಗಂಡ ಕುಡುಕನೆಂಬ ಕಾರಣಕ್ಕೆ ಅರ್ಜಿ ತಳ್ಳಿಹಾಕುವುದನ್ನು ಕಂಡಿದ್ದೇವೆ. ಅಪ್ಪ ಕುಡಿದರೆ ಮಗುವಿಗೇಕೆ ಶಿಕ್ಷೆ? ಶುಲ್ಕ ನೇರವಾಗಿ ಶಾಲೆಗೆ ಸಂದರೆ ಆ ಪ್ರಶ್ನೆಯೇ ಏಳುವುದಿಲ್ಲ. ವ್ಯಕ್ತಿಗೆ ಚೆಕ್ ಕೊಡುವುದೇ ಆದರೆ ಪಾಸ್‌ಬುಕ್ಕಿನಲ್ಲಿರುವ ಹೆಸರನ್ನೇ ಬರೆಯಿರಿ. ವೇದಿಕೆಯಲ್ಲಿ ಕೊಟ್ಟ ಚೆಕ್ಕಿನಲ್ಲಿ ಮನೆಯಲ್ಲಿ ಕರೆಯುವ ಹೆಸರಿದ್ದು, ಅದನ್ನು ಹಿಡಿದು ಕೌಂಟರಿನಿಂದ ಕೌಂಟರಿಗೆ ಅಲೆಯುವ ತಾಯಂದಿರನ್ನು ನಮ್ಮಂತಹ ಬ್ಯಾಂಕ್ ಗುಮಾಸ್ತರು ನೋಡುತ್ತಿರುತ್ತೇವೆ. 2012ರಿಂದ ಚೆಕ್ಕಿನ ಅವಧಿ ಮೂರೇ ತಿಂಗಳು ಎಂಬುದೂ ನೆನಪಿರಲಿ. ದಾನಿಗಳಿಗೂ ಒಂದು ಮಾತು: 2017ರಿಂದ 2,000 ರೂ. ಮೀರಿದ ನಗದು ದಾನಕ್ಕೆ ಆದಾಯ ತೆರಿಗೆಯಲ್ಲಿ ರಿಯಾಯಿತಿ ಇಲ್ಲ.

ಮೂರನೆಯದಾಗಿ, ಸರಕಾರದಿಂದ ಹಕ್ಕಾಗಿ ಸಿಗಬೇಕಾದುದಕ್ಕೆ ಸಂಘದ ಹಣ ಖರ್ಚಾಗಬಾರದು. ಮುಂಬಯಿ ಹೈಕೋರ್ಟ್ 2006ರಲ್ಲಿ ರೂಪಿಸಿದ ಯೋಜನೆಯಂತೆ ಮಹಾರಾಷ್ಟ್ರದ ಧರ್ಮಾದಾಯ ಆಸ್ಪತ್ರೆಗಳು ಶೇ. 10 ಹಾಸಿಗೆಗಳನ್ನು ಕಡು ಬಡವರಿಗೆ ಉಚಿತವಾಗಿ, ಇನ್ನೂ ಶೇ. 10ನ್ನು ದುರ್ಬಲ ವರ್ಗದವರಿಗೆ ರಿಯಾಯಿತಿ ದರದಲ್ಲಿ ಮೀಸಲಿಡಬೇಕು. ಮಹಾತ್ಮಾ ಫುಲೆ ಜನ ಆರೋಗ್ಯ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ಚಿಕಿತ್ಸೆಯಿದೆ. ರೇಷನ್ ಕಾರ್ಡ್ ಇನ್ನೂ ಊರಲ್ಲೇ ಇರುವ ಕುಟುಂಬದಲ್ಲಿ ಆಯುಷ್ಮಾನ್ ಭಾರತ್ ಕಾರ್ಡ್ ಇದೆಯೇ ಎಂದು ಮೊದಲು ವಿಚಾರಿಸಬೇಕು, ಏಕೆಂದರೆ ಅದು ಬೇರೆ ರಾಜ್ಯದ ನೋಂದಾಯಿತ ಆಸ್ಪತ್ರೆಯಲ್ಲೂ ನಡೆಯುತ್ತದೆ. ಊರಿನಿಂದ ಟಾಟಾ ಆಸ್ಪತ್ರೆಗೆ ಬರುವ ಕ್ಯಾನ್ಸರ್ ರೋಗಿಗಳಿಗೆ ಅಲ್ಲಿನ ಸಮಾಜ ಸೇವಾ ವಿಭಾಗವೇ ದಾರಿ ತೋರಿಸುತ್ತದೆ. ಇನ್ನು ಖಾಸಗಿ ಶಾಲೆಗಳಲ್ಲಿ ಶಿಕ್ಷಣ ಹಕ್ಕು ಕಾಯ್ದೆಯ ಶೇ. 25 ಸೀಟುಗಳಿವೆ. ಅದಕ್ಕೆ ಕತ್ತರಿ ಹಾಕುವಂತಿದ್ದ ರಾಜ್ಯದ ತಿದ್ದುಪಡಿಯನ್ನು 2024ರ ಜುಲೈಯಲ್ಲಿ ಹೈಕೋರ್ಟ್ ರದ್ದುಗೊಳಿಸಿತು. ಆದರೆ ಆ ಅರ್ಜಿಗಳು ಶಾಲೆ ಆರಂಭಕ್ಕೆ ತಿಂಗಳುಗಳ ಮೊದಲೇ ಆನ್‌ಲೈನ್‌ನಲ್ಲಿ ಮುಗಿದಿರುತ್ತವೆ. ಜೂನ್‌ನಲ್ಲಿ ಎಚ್ಚೆತ್ತ ಸಂಘ ತಡವಾಗಿ ಎಚ್ಚೆತ್ತಂತೆ. ಫಾರ್ಮ್ ತುಂಬಲು, ತಹಶೀಲ್ದಾರ್ ಕಚೇರಿಯಿಂದ ಆದಾಯ ಪ್ರಮಾಣಪತ್ರ ತರಿಸಲು ಜೊತೆಗೆ ಹೋಗುವ ಇಬ್ಬರು ಕಾರ್ಯಕರ್ತರು ಸಂಘದಲ್ಲಿದ್ದರೆ ಅದು ಲಕ್ಷಗಟ್ಟಲೆ ರೂಪಾಯಿಯ ದಾನಕ್ಕೆ ಸಮ.

ವಿಮೆಯ ವಿಚಾರವೂ ಹಾಗೆಯೇ. 2015ರಲ್ಲಿ ಬಂದ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಮತ್ತು ಜೀವನ ಜ್ಯೋತಿ ಬಿಮಾ ಯೋಜನೆಗಳಿಗೆ 2022ರ ಜೂನ್‌ನಿಂದ ವರ್ಷಕ್ಕೆ 20 ರೂ. ಮತ್ತು 436 ರೂ., ಒಟ್ಟು 456. ಅಪಘಾತದ ಸಾವಿಗೆ ಒಂದರಿಂದ 2 ಲಕ್ಷ, ಯಾವುದೇ ಕಾರಣದ ಸಾವಿಗೆ ಇನ್ನೊಂದರಿಂದ 2 ಲಕ್ಷ ನಾಮಿನಿಗೆ ಸಿಗುತ್ತದೆ. ಮೊದಲನೆಯದಕ್ಕೆ 70 ವರ್ಷದವರೆಗೆ, ಎರಡನೆಯದಕ್ಕೆ 50 ವರ್ಷದವರೆಗೆ ಸೇರಬಹುದು. ನೂರು ಕುಟುಂಬಗಳ ದುಡಿಯುವ ಒಬ್ಬೊಬ್ಬರಿಗೆ ಸಂಘವೇ ಕಂತು ಕಟ್ಟಿದರೂ ಖರ್ಚು 45,600 ರೂ. ಯಜಮಾನ ತೀರಿಕೊಂಡ ಮೇಲೆ ಮನೆಗೆ ಹೋಗಿ ಹತ್ತು ಸಾವಿರದ ಲಕೋಟೆ ಕೊಡುವುದಕ್ಕಿಂತ ಇದು ಹೆಚ್ಚು ಉಪಕಾರ. ಮೇ ಕೊನೆಯಲ್ಲಿ ಖಾತೆಯಲ್ಲಿ ಅಷ್ಟು ಹಣವಿಲ್ಲದೆ ವಿಮೆ ನಿಂತುಹೋಗದಂತೆ ಒಂದು ಫೋನ್ ಮಾಡಿ ನೆನಪಿಸಿದರೆ ಅದೂ ಸೇವೆಯೇ.

ಸಂಘದ ಮಾತಾಯಿತು, ಇನ್ನು ನಮ್ಮ ನಿಮ್ಮ ಸ್ವಂತ ಕಿಸೆಯ ಮಾತು. ಪರಿಚಯದವರು ಸಾಲಕ್ಕೆ ಜಾಮೀನು ಸಹಿ ಕೇಳುತ್ತಾರೆ. "ಬರೀ ಒಂದು ಸಹಿ ಅಲ್ವಾ ಮಾರಾಯ್ರೇ" ಎನ್ನುತ್ತಾರೆ. 1872ರ ಕರಾರು ಕಾಯ್ದೆಯ 128ನೇ ಕಲಮಿನಂತೆ ಜಾಮೀನುದಾರನ ಹೊಣೆ ಸಾಲಗಾರನ ಹೊಣೆಗೆ ಸರಿಸಮ. ಅವರು ಕಟ್ಟದಿದ್ದರೆ ಬ್ಯಾಂಕ್ ನೇರವಾಗಿ ನಿಮ್ಮ ಬಳಿಗೇ ಬರಬಹುದು. ಅಷ್ಟೂ ಮೊತ್ತವನ್ನು ನಿಮ್ಮ ಮಕ್ಕಳ ಪಾಲಿನಿಂದ ಕೊಡಲು ಸಿದ್ಧರಿದ್ದರೆ ಮಾತ್ರ ಸಹಿ ಹಾಕಿ. ಇಲ್ಲವಾದರೆ ಹಿಂದೆ ಬರದಿದ್ದರೂ ಪರವಾಗಿಲ್ಲ ಎನ್ನುವಷ್ಟು ಹಣವನ್ನು ಸಹಾಯವೆಂದೇ ಕೊಟ್ಟುಬಿಡಿ, ಸಾಲ ಎಂದು ಕರೆಯಬೇಡಿ. ಸಾಲ ಎಂದ ಕೂಡಲೇ ಆ ಮನೆಯವರು ಮದುವೆ-ಮುಂಜಿಯಲ್ಲಿ ನಿಮ್ಮ ಕಣ್ಣು ತಪ್ಪಿಸುತ್ತಾರೆ, ಸಂಬಂಧವೂ ಹೋಗುತ್ತದೆ. ಹಾಗೆಯೇ ಸಹಾಯದ ಹೆಸರಿನಲ್ಲಿ ನಿಮ್ಮ ಖಾತೆಯನ್ನಾಗಲಿ ಎಟಿಎಂ ಕಾರ್ಡನ್ನಾಗಲಿ ಯಾರಿಗೂ ಬಳಸಲು ಕೊಡಬೇಡಿ.

ಗೆರೆ ಎಳೆಯುವುದೆಂದರೆ ಪಡೆಯುವವರಿಗೆ ಮಾತ್ರವಲ್ಲ, ಕೊಡುವವರಿಗೂ ಒಂದು ಗೆರೆ ಬೇಕು. ಐದು ಸಾವಿರ ಕೊಟ್ಟ ಮಾತ್ರಕ್ಕೆ ಆ ಮನೆಯ ಹೊಸ ಟಿವಿಯ ಬೆಲೆ ಕೇಳುವ ಅಧಿಕಾರ ನಮಗೆ ಬರುವುದಿಲ್ಲ. ಮಗಳ ಮದುವೆ, ಮಗನ ಕೋರ್ಸು ಅವರ ವಿಚಾರ. ಸಹಾಯ ಪಡೆದವರು ನಮ್ಮ ಪೂಜೆಗೆ ಬಂದು ಕುರ್ಚಿ ಜೋಡಿಸಬೇಕೆಂಬ ನಿರೀಕ್ಷೆಯೂ ಸಲ್ಲದು. ಮುಖ್ಯವಾಗಿ ಫೋಟೋ. ಹತ್ತನೇ ತರಗತಿಯ ಹುಡುಗಿಯನ್ನು ವೇದಿಕೆಗೆ ಕರೆದು "ಬಡ ವಿದ್ಯಾರ್ಥಿನಿ" ಎಂದು ಮೈಕಿನಲ್ಲಿ ಹೇಳಿದರೆ ಮರುದಿನ ಅವಳು ತರಗತಿಯಲ್ಲಿ ಹೇಗೆ ತಲೆ ಎತ್ತಿಯಾಳು? ದಾನಿಗಳನ್ನು ಸತ್ಕರಿಸಿ, ಅವರ ಚಿತ್ರ ಪತ್ರಿಕೆಗೆ ಕಳುಹಿಸಿ, ತಪ್ಪಿಲ್ಲ. ಪಡೆದವರ ಹೆಸರು ಸಂಘದ ಕಡತದಲ್ಲಿದ್ದರೆ ಸಾಕು, ವಾರ್ಷಿಕ ವರದಿಯಲ್ಲಿ ಸಂಖ್ಯೆ ಮತ್ತು ಮೊತ್ತ ಬಂದರೆ ಸಾಕು.

ಎಷ್ಟೇ ಒಳ್ಳೆಯ ನಿಯಮವಾದರೂ ಅದಕ್ಕೆ ಸಿಗದ ಸಂಕಟ ಒಂದಿದ್ದೇ ಇರುತ್ತದೆ. ಅದಕ್ಕಾಗಿ ನಿಧಿಯ ಒಂದು ಸಣ್ಣ ಪಾಲನ್ನು, ಹತ್ತರಲ್ಲಿ ಒಂದರಷ್ಟು, ಪ್ರತ್ಯೇಕವಾಗಿಡಬಹುದು. ಅಧ್ಯಕ್ಷರೊಬ್ಬರೇ ತೀರ್ಮಾನಿಸದೆ ಮೂವರು ಕೂತು, ಕಾರಣ ಬರೆದಿಟ್ಟು ಅದರಿಂದ ಕೊಡಲಿ. ಅದೂ ಮುಗಿದಿದ್ದರೆ "ಆಗುವುದಿಲ್ಲ" ಎಂದು ಅದೇ ವಾರ ಹೇಳಿಬಿಡಬೇಕು. ನೋಡೋಣ, ಮುಂದಿನ ಸಭೆಯಲ್ಲಿಡೋಣ ಎಂದು ಎರಡು ತಿಂಗಳು ಎಳೆದರೆ ಅವರು ಬೇರೆಡೆ ಕೇಳುವ ಅವಕಾಶವೂ ತಪ್ಪುತ್ತದೆ.

ಸಂಘಗಳ ವಾರ್ಷಿಕ ಮಹಾಸಭೆಗಳು ಇನ್ನು ಕೆಲವೇ ತಿಂಗಳಲ್ಲಿ ಬರಲಿವೆ. ಲೆಕ್ಕಪತ್ರ ಮಂಜೂರಾತಿ, ಲೆಕ್ಕ ಪರಿಶೋಧಕರ ನೇಮಕದ ಜೊತೆಗೆ "ಸಹಾಯ ನಿಧಿಯ ನಿಯಮಾವಳಿ" ಎಂಬ ಒಂದು ವಿಷಯವನ್ನೂ ಕಾರ್ಯಸೂಚಿಯಲ್ಲಿ ಸೇರಿಸಲು ಸದಸ್ಯರು ಕೇಳಬೇಕು. ಥಾಣೆಯಿಂದ ಕಲ್ಯಾಣದವರೆಗಿನ ಸಂಘಗಳ ಕಾರ್ಯದರ್ಶಿಗಳು ವರ್ಷಕ್ಕೊಮ್ಮೆ ಕುಳಿತು ಪಟ್ಟಿಗಳನ್ನು ಗುಟ್ಟಾಗಿಯೇ ಹೋಲಿಸಿಕೊಂಡರೂ ಒಳ್ಳೆಯದು. ಯಾವುದೋ ಚಾಳಿನಲ್ಲಿ ನಮ್ಮ ಸಂಘದ ಹೆಸರನ್ನೂ ಕೇಳದೆ, ಮಗುವಿನ ಶುಲ್ಕಕ್ಕೆ ಕೈಬಳೆ ಅಡವಿಡಲು ಹೊರಟಿರುವ ತಾಯಿಯೊಬ್ಬಳ ಬಾಗಿಲಿಗೆ ಆಗಲಾದರೂ ನಮ್ಮ ನೆರವು ತಲುಪೀತು.